ಈಶಾನ್ಯಕ್ಕೆ ತೆಗೆದ ಗಟಾರ

ಸುಳ್ಳುಗಳಲ್ಲಿ ಎರಡು ಬಗೆ. ನಾವು ಬಾಯಿಬಿಟ್ಟು ಹೇಳುವುದು ಒಂದು. ಬೇರೆಯವರು ನಮ್ಮ ಬಗ್ಗೆ ಹೇಳುತ್ತಿರುವಾಗ ನಾವು ಬಾಯಿ ಮುಚ್ಚಿಕೊಂಡು ಕೂಡುವುದು ಇನ್ನೊಂದು. ಮೊದಲನೆಯದಕ್ಕೆ ಧೈರ್ಯ ಬೇಕು, ಯಾರಿಗೆ ಏನು ಹೇಳಿದ್ದೆವೆಂಬ ನೆನಪೂ ಬೇಕು. ಎರಡನೆಯದಕ್ಕೆ ಏನೂ ಬೇಡ, ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿದ್ದರೆ ಸಾಕು. ಸ್ವಭಾವತಃ ಸೋಮಾರಿಯಾದ ನಾನು ಎರಡನೆಯದನ್ನೇ ಆರಿಸಿಕೊಂಡೆ. ಹೀಗೆ ಏನೂ ಮಾಡದೆ, ಏನೂ ಹೇಳದೆ, ಎಂಟು ವರ್ಷ ಇಂಜಿನಿಯರ್ ಆಗಿದ್ದೆ.

ನನ್ನ ನಿಜವಾದ ಉದ್ಯೋಗ ಫೋರ್ಟ್ ಬಡಾವಣೆಯ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ರವಾನೆ ಗುಮಾಸ್ತನದು. ಮೇಲಿನ ಮಹಡಿಯಲ್ಲಿ ರಸ್ತೆ, ಗಟಾರ, ಸೇತುವೆಗಳ ನಕ್ಷೆ ಬರೆಯುತ್ತಾರೆ. ಅವು ಕೆಳಗೆ ನನ್ನ ಮೇಜಿಗೆ ಬರುತ್ತವೆ. ನಾನು ಅವನ್ನು ಸುರುಳಿ ಸುತ್ತಿ, ರಟ್ಟಿನ ಕೊಳವೆಯೊಳಗೆ ತುರುಕಿ, ಮೇಲೆ ಚೀಟಿ ಅಂಟಿಸಿ, ವಿಳಾಸ ಬರೆದು ಕಳಿಸುತ್ತೇನೆ. ಹೆಣ್ಣು ನೋಡಲು ವಿಜಾಪುರಕ್ಕೆ ಹೋದಾಗ ನನ್ನ ಸೋದರಮಾವ, "ನಮ್ಮ ಶ್ರೀಪಾದನ ಕೈ ದಾಟದ ಒಂದ ನಕ್ಷಾನೂ ಆಫೀಸ್ ಬಿಟ್ಟ ಹೊರಗ ಹೋಗೂದಿಲ್ಲ ನೋಡ್ರಿ" ಎಂದ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎದುರಿಗೆ ಕೂತಿದ್ದ ಭಾವೀ ಮಾವನವರು ಕಣ್ಣರಳಿಸಿ ಎದ್ದು, ಒಳಗೆ ಹೆಂಗಸರಿಗೆ "ಹುಡುಗ ಇಂಜಿನಿಯರ್ ಇದ್ದಾನ" ಎಂದು ಹೇಳಿದ್ದು ಹೊರಗೆ ಕೂತ ನನಗೂ ಕೇಳಿಸಿತು. ಅಷ್ಟರಲ್ಲಿ ಉಪ್ಪಿಟ್ಟು ಬಂತು. ಬಾಯಲ್ಲಿ ತುತ್ತಿರುವಾಗ ಮಾತಾಡಬಾರದೆಂದು ನಮ್ಮ ಅಜ್ಜಿ ಕಲಿಸಿದ್ದಳು, ನಾನು ಆ ಪಾಠವನ್ನು ಅವತ್ತಿನಿಂದ ತಪ್ಪದೆ ಪಾಲಿಸಿದೆ.

ಮದುವೆಯಾಗಿ ವಡಾಲದ ಎರಡು ಖೋಲಿಯ ಮನೆಗೆ ಬಂದ ನನ್ನ ಹೆಂಡತಿ ಗೋದಾವರಿ, ತಿಂಗಳೊಳಗೆ ಈ ಸುದ್ದಿಯನ್ನು ಬಿಲ್ಡಿಂಗಿನ ನಾಲ್ಕೂ ಮಹಡಿಗೆ ಮುಟ್ಟಿಸಿದಳು. ಆಮೇಲೆ ಯಾರ ಮನೆಯ ಗೋಡೆ ಬಿರುಕು ಬಿಟ್ಟರೂ, ಯಾರ ನಲ್ಲಿ ಸೋರಿದರೂ ನನಗೇ ಬುಲಾವು. ನಾನು ಹೋಗುತ್ತಿದ್ದೆ. ಹೋಗಿ ಬಿರುಕನ್ನು ಬಹಳ ಹೊತ್ತು ನೋಡುತ್ತಿದ್ದೆ. ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿ, "ಮಳೆಗಾಲ ಮುಗೀಲಿ, ನೋಡೋಣಂತ" ಎನ್ನುತ್ತಿದ್ದೆ. ಬೇಸಗೆಯಲ್ಲಿ ಕರೆದರೂ ಇದೇ ಉತ್ತರ, ಏಕೆಂದರೆ ಮುಂದೆ ಒಂದು ಮಳೆಗಾಲ ಇದ್ದೇ ಇರುತ್ತದೆ. ಎಂಟು ವರ್ಷದಲ್ಲಿ ನಾನು ನೋಡಿದ ಯಾವ ಗೋಡೆಯೂ ಬೀಳಲಿಲ್ಲ, ಆ ಕೀರ್ತಿಯೂ ನನಗೇ ಬಂತು.

ನನ್ನ ಮಾತನ್ನು ಸ್ವಲ್ಪವೂ ಕೇಳದೆ ಇದ್ದದ್ದು ನಮ್ಮ ಮನೆಯ ಬಚ್ಚಲೊಂದೇ. ಅದರಲ್ಲಿ ಸುರಿದ ನೀರು ಹೋಗುತ್ತಿರಲಿಲ್ಲ. ಸ್ನಾನ ಮಾಡಿದರೆ ಮೀನಖಂಡದ ತನಕ ನಿಂತು, ಮನಸ್ಸು ಬಂದಾಗ ಒಂದಿಷ್ಟು ಇಳಿಯುತ್ತಿತ್ತು. ಉಳಿದದ್ದನ್ನು ಗೋದಾವರಿ ದಿನಾ ತಂಬಿಗೆಯಿಂದ ಮೊಗೆದು ಕಿಟಕಿಯ ಹೊರಗಿನ ಪೈಪಿಗೆ ಸುರಿಯುತ್ತಿದ್ದಳು. "ಊರ ಮಂದೀ ಗಟಾರ ನೋಡೂ ಸಾಹೇಬರಿಗೆ ಮನೀ ಬಚ್ಚಲ ಕಾಣಸೂದಿಲ್ಲ" ಎಂದು ಗೊಣಗುತ್ತಿದ್ದಳೇ ಹೊರತು, ಸಂಶಯಪಟ್ಟವಳಲ್ಲ. ಮಾಲೀಕನ ಪರವಾನಗಿ ಇಲ್ಲದೆ ಇಂಜಿನಿಯರಾದವನು ನೆಲ ಮುಟ್ಟಬಾರದೆಂದು ನಾನು ಹೇಳಿದ್ದನ್ನು ಅವಳು ನಂಬಿದ್ದಳು. ಅವಳು ನಂಬಿದ್ದು ನನಗೆ ಚುಚ್ಚುತ್ತಿತ್ತು. ಆದರೆ ಎಂಟು ವರ್ಷದ ಸುಳ್ಳನ್ನು ಯಾವ ದಿನ, ಯಾವ ಊಟದ ನಂತರ ಬಿಚ್ಚುವುದೆಂದು ನನಗೆ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ದಹಿಸರಿನ ಕಡೆ ಗುಡ್ಡ ಜರಿಯಿತು. ದಹಿಸರ್ ಆಗ ಹಳ್ಳಿಯೇ. ಸ್ಟೇಷನ್ನಿನಿಂದ ಪೂರ್ವಕ್ಕೆ ಒಂದು ಎತ್ತಿನ ಗಾಡಿಯ ರಸ್ತೆ, ಅದರ ಪಕ್ಕದಲ್ಲಿ ಗುಡ್ಡ, ಕೊನೆಯಲ್ಲಿ ಬಾಳೆಯ ತೋಟಗಳಿದ್ದ ಒಂದು ವಾಡಿ, ಎಂದರೆ ನಾಲ್ಕಾರು ಮನೆಗಳ ಕೇರಿ. ಗುಡ್ಡದ ಮಣ್ಣು ರಸ್ತೆಯ ಮೇಲೂ ಅದರ ಬದಿಯ ಗಟಾರದ ಮೇಲೂ ಬಂದು ಕೂತಿತು. ಈ ಸುದ್ದಿ ವಡಾಲದವರಾದ ನಮಗೆ ತಿಳಿದದ್ದು ಪತ್ರಿಕೆಯಿಂದಲ್ಲ, ವಾಸು ಶೆಟ್ಟರ ಹೋಟೆಲಿನಲ್ಲಿ ಬಾಳೆಲೆ ಇಲ್ಲದಾದಾಗ. ಶೆಟ್ಟರ ಊಟದ ಎಲೆಗಳು ಆ ವಾಡಿಯಿಂದ ಬರುತ್ತಿದ್ದವು. ಎಲೆ ನಿಂತ ಮೇಲೆ ಅವರು ಹಿತ್ತಾಳೆಯ ತಟ್ಟೆ ತಂದರು. ಆಗ ಶುರುವಾಯಿತು ಗೋಳು. ಇನ್ನೊಬ್ಬರು ಉಂಡ ತಟ್ಟೆಯಲ್ಲಿ ಉಣ್ಣುವುದಿಲ್ಲವೆಂದು ಮಡಿವಂತರು ಎದ್ದು ಹೋದರು. ಬಡಿಸುವವರ ಪಾಡಂತೂ ಹೇಳತೀರದು. ಇಪ್ಪತ್ತು ವರ್ಷ ಎಲೆಯ ಎಡತುದಿಯಲ್ಲಿ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ ಎಂದು ಕೈ ಪಳಗಿದವರು ದುಂಡನೆಯ ತಟ್ಟೆಯ ಮುಂದೆ ಸೌಟು ಹಿಡಿದು ನಿಂತುಬಿಡುತ್ತಿದ್ದರು. "ತುದಿ ಇಲ್ಲದ ಮೇಲೆ ಉಪ್ಪು ಎಲ್ಲಿ ಬಡಿಸುದು ಮಾರಾಯ್ರೆ?" ಎಂದು ಶೆಟ್ಟರು ನನ್ನನ್ನೇ ಕೇಳಿದರು. ಇಂಜಿನಿಯರಿಗೆ ಅದೂ ಗೊತ್ತಿರಬೇಕೆಂದು ಅವರ ಎಣಿಕೆ.

ಆ ಕಾಲಕ್ಕೆ ಶ್ರಮದಾನವೆಂಬುದು ದೇಶಕ್ಕೆಲ್ಲ ಹಿಡಿದ ಹುರುಪು. ಮಂತ್ರಿಗಳು ಸಲಿಕೆ ಹಿಡಿದು ನಿಂತ ಚಿತ್ರವಿಲ್ಲದೆ ಪತ್ರಿಕೆ ಹೊರಡುತ್ತಿರಲಿಲ್ಲ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಹಣಮಂತರಾಯರು, ಧಾರವಾಡದವರು, ಬ್ಯಾಂಕಿನಲ್ಲಿದ್ದವರು, ಅದುವರೆಗೆ ಪೆನ್ನಿಗಿಂತ ಭಾರವಾದದ್ದನ್ನು ಎತ್ತಿದವರಲ್ಲ. ಅವರೇ ಸಭೆ ಕರೆದು, ದಹಿಸರಿನ ರಸ್ತೆ ಮತ್ತು ಗಟಾರವನ್ನು ಸಂಘವೇ ದುರಸ್ತಿ ಮಾಡಬೇಕೆಂದು ಠರಾವು ಮಂಡಿಸಿದರು. ಶೆಟ್ಟರು ಊಟವನ್ನೂ ಹದಿನೆಂಟು ಆಳುಗಳನ್ನೂ ಒಪ್ಪಿಕೊಂಡರು. "ತಾಂತ್ರಿಕ ಹೊಣಿ ನಮ್ಮ ಇಂಜಿನಿಯರ್ ಸಾಹೇಬರದು" ಎಂದರು ಹಣಮಂತರಾಯರು. ಅವತ್ತು ಎದ್ದು ನಿಂತು ನಿಜ ಹೇಳಬಹುದಿತ್ತು. ಹೆಂಗಸರ ಸಾಲಿನಲ್ಲಿ ಕೂತ ಗೋದಾವರಿಯ ಮುಖ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು, ಪಕ್ಕದವರಿಗೆ ನನ್ನನ್ನು ತೋರಿಸುತ್ತಿದ್ದಳು. ನಾನು "ಆಗಲಿ" ಎಂದೆ.

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ದಾದರಿಗೆ ಹೋಗಿ, ಲೋಕಲ್ ಹಿಡಿದು ದಹಿಸರಿನಲ್ಲಿ ಇಳಿದೆವು. ಹೋಟೆಲಿನವರು ಒಲೆಗೆ ಇದ್ದಲು ಹಾಕುವ ಸಲಿಕೆ, ಎಣ್ಣೆಯ ಖಾಲಿ ಡಬ್ಬಿ, ಹಿಟ್ಟು ಕಲಸುವ ಬೋಗುಣಿ ಹೊತ್ತು ತಂದಿದ್ದರು. ಗುಮಾಸ್ತರಾದ ನಾವು ಛತ್ರಿ ಮತ್ತು ಹಾಜರಿ ಪುಸ್ತಕ ತಂದಿದ್ದೆವು. ನಾನು ಇವೆರಡಲ್ಲದೆ, ಕಚೇರಿಯ ಒಂದು ರಟ್ಟಿನ ಕೊಳವೆಯನ್ನೂ ಕಂಕುಳಲ್ಲಿ ಇರುಕಿಕೊಂಡಿದ್ದೆ. ಒಳಗೆ ಏನೂ ಇರಲಿಲ್ಲ. ನಕ್ಷೆ ತೋರಿಸಿ ಎಂದವರಿಗೆ, ಮಳೆಗೆ ತೆಗೆದರೆ ಹಾಳಾಗುತ್ತದೆ ಎಂದೆ.

ಮಣ್ಣು ತೆಗೆದದ್ದು ನಿಜಕ್ಕೂ ನೋಡುವಂತಿತ್ತು. ಹೋಟೆಲಿನವರು ಅಡುಗೆಮನೆಯಿಂದ ಮೇಜಿನವರೆಗೆ ತಟ್ಟೆ ಸಾಗಿಸುವ ಅಭ್ಯಾಸದಿಂದ ಸಾಲಾಗಿ ನಿಂತು, ತುಂಬಿದ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸುತ್ತ, ಖಾಲಿಯಾದದ್ದನ್ನು ಇನ್ನೊಂದು ಕೈಯಲ್ಲಿ ವಾಪಸು ಕಳಿಸುತ್ತ, "ಎರಡು ಕಲ್ಲು, ಒಂದು ಕೆಸರು, ಬೇಗ" ಎಂದು ಕೂಗುತ್ತ ಮಧ್ಯಾಹ್ನದೊಳಗೆ ರಸ್ತೆ ಬಿಡಿಸಿದರು. ಗುಮಾಸ್ತರು ಮೊದಲ ಅರ್ಧ ಗಂಟೆಯಲ್ಲಿ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು, ಆಮೇಲೆ ಮರದ ಕೆಳಗೆ ಉಪಸಮಿತಿ ಮಾಡಿಕೊಂಡು ಕೂತರು. ಊಟವಾದ ಮೇಲೆ ಉಳಿದದ್ದು ಗಟಾರ. ಹಳೆಯ ಗಟಾರ ಮಣ್ಣಿನಡಿ ಎಲ್ಲಿತ್ತು, ಯಾವ ಕಡೆ ಹೋಗುತ್ತಿತ್ತು ಎಂಬುದನ್ನು ವಾಡಿಯ ಇಬ್ಬರು ಮುದುಕರು ಎರಡು ರೀತಿ ಹೇಳಿ, ಅಲ್ಲೇ ಜಗಳಕ್ಕೆ ನಿಂತರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

ಅವರಲ್ಲಿ ಭಾಗೂಬಾಯಿಯೂ ಇದ್ದಳು. ಶೆಟ್ಟರಿಗೆ ಎಲೆ ಕೊಯ್ದು ಕಳಿಸುತ್ತಿದ್ದವಳು ಇವಳೇ. ಗಂಡ ಪರೇಲಿನ ಗಿರಣಿಯಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಅತ್ತೆಯೊಂದಿಗೆ ಇವಳಿದ್ದ ಮಣ್ಣಿನ ಗೋಡೆಯ ಮನೆ ರಸ್ತೆಯ ಆ ಬದಿಗೆ, ಒಂದಿಷ್ಟು ಕೆಳಗಿತ್ತು. ಜರಿದ ಗುಡ್ಡ ಅದನ್ನು ಹತ್ತು ಮಾರಿನಷ್ಟರಲ್ಲಿ ಉಳಿಸಿ ಹೋಗಿತ್ತು. ಅವಳು ಮರಾಠಿಯಲ್ಲಿ ಕೇಳಿದ್ದು ಇಷ್ಟೇ: "ಸಾಹೇಬ, ನೀರು ನನ್ನ ಮನೆಗೆ ಬರೋದಿಲ್ಲ ತಾನೇ? ನೀರು ನಿಂತರೆ ಈ ಗೋಡೆ ಎರಡು ದಿನ ತಾಳೋದಿಲ್ಲ." ನಾನು ಬರುವುದಿಲ್ಲವೆಂದು ತಲೆಯಾಡಿಸಿದೆ. ಅವಳು ಅಷ್ಟನ್ನೇ ನಂಬಿ ತೋಟದ ಕೆಲಸಕ್ಕೆ ಹೋದಳು. ನಾನು ಗಟಾರ ತೆಗೆಯಬೇಕಾದ ಜಾಗವನ್ನು ನೋಡಿದೆ. ಎಡಕ್ಕೆ ನೋಡಿದರೂ ಅಷ್ಟೇ, ಬಲಕ್ಕೆ ನೋಡಿದರೂ ಅಷ್ಟೇ, ಎಲ್ಲ ಒಂದೇ ಸಪಾಟು. ಬಡಿದು ನೋಡೋಣವೆಂದರೆ ಗೋಡೆ ಇಲ್ಲ. ಮಳೆಗಾಲ ಮುಗೀಲಿ ಎನ್ನೋಣವೆಂದರೆ, ಮಳೆಗಾಲಕ್ಕಾಗಿಯೇ ಬಂದದ್ದು.

ಆಗ ಅಜ್ಜಿ ನೆನಪಾದಳು. ಮನೆಯ ನೀರು ಈಶಾನ್ಯ ಮೂಲೆಯಿಂದ ಹೊರಗೆ ಹೋಗಬೇಕೆಂದು ಅವಳು ನೂರು ಸಲ ಹೇಳಿದ್ದಳು. ನೀರಿನ ವಿಷಯದಲ್ಲಿ ನನಗಿದ್ದ ತಿಳಿವಳಿಕೆ ಅಷ್ಟೇ. "ಪೂರ್ವ ಯಾವ ಕಡೆ?" ಎಂದು ಗಂಭೀರವಾಗಿ ಕೇಳಿದೆ. ತೋರಿಸಿದರು. ಛತ್ರಿಯನ್ನು ಚಾಚಿ ಈಶಾನ್ಯಕ್ಕೆ, ರಸ್ತೆಯ ತಿರುವಿನ ಕಡೆಗೆ ಹಿಡಿದು, "ಹೀಗೆ" ಎಂದೆ. ವಿಚಿತ್ರವೆಂದರೆ ನಮ್ಮವರಲ್ಲಿ ಯಾರೂ ಪ್ರಶ್ನಿಸಲಿಲ್ಲ. "ಈಶಾನ್ಯ. ಬರೋಬರಿ" ಎಂದರು ಹಣಮಂತರಾಯರು. ಶೆಟ್ಟರು, "ನಮ್ಮ ಊರಿನಲ್ಲೂ ಹಾಗೇ ಉಂಟು" ಎಂದರು. ಬಡಿಸುವವರಿಂದ ಬ್ಯಾಂಕಿನವರವರೆಗೆ ಅಷ್ಟೂ ಜನರ ಅಜ್ಜಿಯರು ಅದನ್ನೇ ಹೇಳಿದ್ದರು. ವಾಡಿಯವರು ನಮ್ಮ ಒಗ್ಗಟ್ಟನ್ನು ಕಂಡು ಇದು ದೊಡ್ಡ ವಿದ್ಯೆಯೇ ಇರಬೇಕೆಂದು ಸುಮ್ಮನಾದರು.

ಒಬ್ಬನೇ ಒಬ್ಬ ಮಾತಾಡಿದ. ಅವನು ಸಂಕಪ್ಪ, ಶೆಟ್ಟರ ಹೋಟೆಲಿನ ನೆಲ ತೊಳೆಯುವವನು, ಐವತ್ತು ದಾಟಿದ ಮನುಷ್ಯ. "ಸ್ವಾಮಿ, ಒಂದು ಬಾಲ್ದಿ ನೀರು ಹೊಯ್ದು ನೋಡುವನಾ? ಎಲ್ಲಿಗೆ ಹೋಗುದಂತ ಅದೇ ಹೇಳ್ತದೆ" ಎಂದ. ನನಗೆ ಸಿಟ್ಟು ಬಂತು. ನನ್ನ ಜೀವಮಾನದ ಮೊದಲ ತಾಂತ್ರಿಕ ನಿರ್ಣಯವನ್ನು ಬಾಲ್ದಿಯಿಂದ ಅಳೆಯುವುದೆಂದರೇನು? ಕೊಳವೆಯನ್ನು ತಟ್ಟಿ, "ಎಲ್ಲಾ ನಕ್ಷೆಯೊಳಗ ಅದ" ಎಂದೆ. ಅವನು ಬಾಲ್ದಿ ಕೆಳಗಿಟ್ಟು ಸಲಿಕೆ ಎತ್ತಿಕೊಂಡ. ಸಂಜೆಯೊಳಗೆ ನಲವತ್ತು ಮಾರು ಗಟಾರ ಈಶಾನ್ಯದ ಕಡೆಗೆ ನೆಟ್ಟಗೆ ಸಿದ್ಧವಾಯಿತು. ಇಷ್ಟು ಚೆಂದದ ತಪ್ಪನ್ನು ನಾನು ಇನ್ನೆಂದೂ ಮಾಡಿಲ್ಲ.

ಮೂರು ದಿನ ಬಿಸಿಲು. ಗುರುವಾರ ಬೆಳಗಿನಿಂದ ಮಳೆ ಹಿಡಿಯಿತು. ಕಚೇರಿಯ ಕಿಟಕಿಯಿಂದ ನೋಡುತ್ತಿದ್ದರೆ ಎದುರಿನ ಕಟ್ಟಡ ಕಾಣದಷ್ಟು ಮಳೆ. ಚೀಟಿ ಅಂಟಿಸುತ್ತಿದ್ದ ನನ್ನ ಕೈ ನಡೆಯಲಿಲ್ಲ. ಮಣ್ಣಿನ ಗೋಡೆ ಎರಡು ದಿನ ತಾಳುವುದಿಲ್ಲ ಎಂಬ ಮಾತೇ ಕಿವಿಯಲ್ಲಿ. ಇಷ್ಟು ವರ್ಷಗಳ ನೌಕರಿಯಲ್ಲಿ ಮೊದಲ ಬಾರಿಗೆ, ಸುರುಳಿ ಸುತ್ತಬೇಕಾದ ಒಂದು ನಕ್ಷೆಯನ್ನು ಬಿಡಿಸಿ ನೋಡಿದೆ. ಗೆರೆಗಳು, ಅಂಕಿಗಳು, ಸಣ್ಣ ಸಣ್ಣ ಬಾಣಗಳು. ಒಂದೂ ಅರ್ಥವಾಗಲಿಲ್ಲ. ಮೇಲಿನ ಮಹಡಿಗೆ ಹೋಗಿ, ನಕ್ಷೆ ಬರೆಯುವ ಪಾರ್ಸಿ ಮುದುಕನನ್ನು, ಗಟಾರದ ನೀರು ಯಾವ ಕಡೆ ಹೋಗುತ್ತದೆಂದು ಹೇಗೆ ತಿಳಿಯುವುದು ಎಂದು ಕೇಳಿದೆ. ಅವನು ಕನ್ನಡಕದ ಮೇಲಿನಿಂದ ನೋಡಿ, "ನೀಚೇ ಜಾಯೇಗಾ ದೀಕ್ರಾ, ಔರ್ ಕಹಾಂ ಜಾಯೇಗಾ" ಎಂದು ಮತ್ತೆ ಗೆರೆ ಎಳೆಯತೊಡಗಿದ. ತಗ್ಗಿನ ಕಡೆಗೆ. ಅಜ್ಜಿ ಇದನ್ನು ಹೇಳಿರಲಿಲ್ಲ. ನಾನು ಅರ್ಧ ದಿನದ ರಜೆ ಬರೆದಿಟ್ಟು, ಚರ್ಚ್‌ಗೇಟಿಗೆ ಓಡಿ ಗಾಡಿ ಹಿಡಿದೆ.

ವಾಡಿಗೆ ಮುಟ್ಟಿದಾಗ ನೋಡಿದ್ದನ್ನು ಮರೆಯಲಾರೆ. ಗುಡ್ಡದ ನೀರು ನಾನು ತೆಗೆಸಿದ ಗಟಾರಕ್ಕೆ ಇಳಿದು, ಇಪ್ಪತ್ತು ಮಾರು ಹೋಗಿ, ಅಲ್ಲಿ ನೆಲ ಏರುತ್ತಿದ್ದುದರಿಂದ ಮುಂದೆ ಹೋಗಲಾರದೆ ತುಂಬಿ ನಿಂತು, ರಸ್ತೆಯನ್ನು ದಾಟಿ ಭಾಗೂಬಾಯಿಯ ಅಂಗಳಕ್ಕೆ ಹರಿಯುತ್ತಿತ್ತು. ನೀರು ಹೊಸ್ತಿಲಿಗೆ ಬಂದಿತ್ತು. ಒಳಗೆ ಅವಳ ಅತ್ತೆ ಅಕ್ಕಿಯ ಮೂಟೆಯನ್ನು ಅಟ್ಟಕ್ಕೆ ಏರಿಸಲು ಒದ್ದಾಡುತ್ತಿದ್ದಳು. ಭಾಗೂಬಾಯಿ ಸೀರೆ ಎತ್ತಿ ಕಟ್ಟಿ ಹೊಸ್ತಿಲಿಗೆ ಅಡ್ಡಲಾಗಿ ಮಣ್ಣು ಒಟ್ಟುತ್ತಿದ್ದಳು. ಮೇಲೆ ರಸ್ತೆಯಲ್ಲಿ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಹೋಟೆಲಿನ ಇದ್ದಲ ಸಲಿಕೆಯಿಂದ ಒಬ್ಬ ಅಗೆಯುತ್ತಿದ್ದ. ಸಂಕಪ್ಪ.

ಬಾಳೆಲೆ ತರಲು ಶೆಟ್ಟರು ಅವನನ್ನು ಕಳಿಸಿದ್ದರಂತೆ. ಸಲಿಕೆ ಯಾಕೆ ತಂದೆ ಎಂದು ನಾನು ಕೇಳಲಿಲ್ಲ. ಬಂದವನೇ ರಸ್ತೆ ಬದಿಯ ನಾಲ್ಕು ಕಡೆ ಬಾಲ್ದಿ ನೀರು ಹೊಯ್ದು ನೋಡಿದನಂತೆ. ಒಂದು ಕಡೆ ನೀರು ಕಲ್ಲುಗಳ ಸಂದಿನಲ್ಲಿ ಗಟಗಟನೆ ಇಳಿದುಹೋಯಿತಂತೆ. ಅಲ್ಲಿ ಅಗೆದರೆ ಹಳೆಯ ಕಲ್ಲು ಕಟ್ಟಿದ ಗಟಾರ ಮಣ್ಣಿನಡಿ ಹಾಗೇ ಇತ್ತು. ಅದು ಹೋಗುತ್ತಿದ್ದದ್ದು ಪಶ್ಚಿಮಕ್ಕೆ, ಗದ್ದೆಗಳಾಚೆಯ ಹಳ್ಳಕ್ಕೆ. ನೀರು ಹೊಯ್ದು ನೋಡಬೇಕೆಂದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದೆ. "ನಾನು ದಿನಕ್ಕೆ ಮೂರು ಸಲ ನೆಲ ತೊಳೆಯುವವ ಅಲ್ವಾ ಸ್ವಾಮಿ, ನೀರು ಎಲ್ಲಿ ನಿಲ್ತದೆ ಅಂತ ಕಾಲಿಗೇ ಗೊತ್ತಾಗ್ತದೆ" ಎಂದ. ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ ಅದು, ಕೇಳಿದ್ದಕ್ಕೆ ಉತ್ತರ. ನಾನು ಕೋಟು, ಟೋಪಿ ಕಳಚಿ ಮರಕ್ಕೆ ಸಿಕ್ಕಿಸಿ ಗಟಾರಕ್ಕೆ ಇಳಿದೆ.

ಸ್ವಲ್ಪ ಹೊತ್ತಿಗೆ ಭಾಗೂಬಾಯಿಯೂ ಗುದ್ದಲಿ ತೆಗೆದುಕೊಂಡು ಬಂದಳು. "ಆ ಕಡೆಗೆ ಅಗೆಯಲು ಹೇಳಿದ್ದು ಯಾರು?" ಎಂದು ಕೇಳಿದಳು. ಸಂಕಪ್ಪ ತಲೆ ತಗ್ಗಿಸಿ ಅಗೆಯುತ್ತಲೇ ಇದ್ದ. ಅವನು ಹೇಳುವುದಿಲ್ಲವೆಂದು ನನಗೆ ಗೊತ್ತಾಯಿತು, ಅದರಿಂದಲೇ ನಾಚಿಕೆಯಾಯಿತು. "ನಾನೇ. ನಾನು ಇಂಜಿನಿಯರ್ ಅಲ್ಲ ಬಾಯಿ. ಕಚೇರಿಯಲ್ಲಿ ಚೀಟಿ ಅಂಟಿಸುತ್ತೇನೆ" ಎಂದು ಮರಾಠಿಯಲ್ಲಿ ಹೇಳಿದೆ. ಎಂಟು ವರ್ಷದಿಂದ ಗಂಟಲಲ್ಲಿದ್ದ ಮಾತು. ಆಕಾಶ ಕಳಚಿ ಬೀಳಬಹುದೆಂದು ಕಾದೆ. ಅವಳು ನನ್ನನ್ನೊಮ್ಮೆ ನೋಡಿ, "ಅಸೂ ದೇ. ತೋ ದಗಡ ಉಚಲಾ" ಎಂದಳು. ಇರಲಿ, ಆ ಕಲ್ಲು ಎತ್ತಿ ಎಂದು. ನಾನು ಎತ್ತಿದೆ. ಐದು ಗಂಟೆಯ ಹೊತ್ತಿಗೆ ಹಳೆಯ ಗಟಾರ ಬಾಯಿಬಿಟ್ಟಿತು. ಅಂಗಳದ ನೀರು ಮೊದಲು ನಿಂತಿತು, ಆಮೇಲೆ ಇಳಿಯತೊಡಗಿತು. ಹೊಸ್ತಿಲು ಕಂಡಾಗ ನನ್ನ ಕಣ್ಣು ತುಂಬಿ ಬಂತು.

ಮನೆಗೆ ಬಂದಾಗ ಮೈಯೆಲ್ಲ ಕೆಸರು. ಬಾಗಿಲಲ್ಲೇ ನಿಂತು ಗೋದಾವರಿಗೆ ಎಲ್ಲವನ್ನೂ ಹೇಳಿದೆ, ಸೋದರಮಾವನ ಮಾತಿನಿಂದ ಹಿಡಿದು ಈಶಾನ್ಯದವರೆಗೆ. ಒಳಗೆ ಕೂತು ಹೇಳಿದ್ದರೆ ಧೈರ್ಯ ಸಾಲುತ್ತಿರಲಿಲ್ಲ. ಅವಳ ಮುಖ ಸಣ್ಣದಾದದ್ದನ್ನು ನೋಡಿ ನನಗೆ ಸಂಕಟವಾಯಿತು. ಕೊನೆಗೆ ಅವಳು ಕೇಳಿದ್ದು, "ಆಕೀ ಮನ್ಯಾಗ ನೀರು ಹೊಕ್ಕತೇನ್ರಿ?"

"ಇಲ್ಲ. ಹೊಸ್ತಿಲ ತನಾ ಬಂದಿತ್ತು."

"ಹಂಗಾರ ಆತು. ಕಾಲ ತೊಕ್ಕೊಂಡ ಒಳಗ ಬರ್ರಿ."

ಬಚ್ಚಲಿಗೆ ಹೋಗಿ ಕಾಲಿಗೆ ನೀರು ಹಾಕಿಕೊಂಡೆ. ದಹಿಸರಿನ ಕೆಸರೆಲ್ಲ ಕರಗಿ, ಎಲ್ಲಿಗೂ ಹೋಗದೆ, ನನ್ನ ಕಾಲ ಸುತ್ತ ನಿಂತಿತು. ಅವಳೂ ಬಾಗಿಲಿಗೆ ಬಂದು ನಿಂತು ಆ ನೀರನ್ನು ನೋಡಿದಳು. ಎಂಟು ವರ್ಷ ತಂಬಿಗೆಯಿಂದ ಮೊಗೆದವಳು ಅವಳು. "ನಾಳೆ ಆ ಸಂಕಪ್ಪನ್ನ ಕರಕೊಂಡ ಬರ್ರಿ" ಎಂದಳು.

ಸಂಕಪ್ಪ ಬಂದ. ಒಂದು ತಂಬಿಗೆ ನೀರು ಹೊಯ್ದು, ಕೂತು ನೋಡಿ, ಮೂಲೆಯ ಒಂದು ಹಾಸುಗಲ್ಲನ್ನು ಎಬ್ಬಿಸಿ, ಕೆಳಗೆ ಕಟ್ಟಿದ್ದ ಕಸ ತೆಗೆದು, ಒಂದು ಹಿಡಿ ಸಿಮೆಂಟು ಮೆತ್ತಿ ಇಳಿಜಾರು ಮಾಡಿದ. ಮುಕ್ಕಾಲು ಗಂಟೆಯ ಕೆಲಸ. ನೀರು ಸರ್ರನೆ ಹೋಯಿತು. ಹೋದದ್ದು ಈಶಾನ್ಯ ಮೂಲೆಗೆ. "ನೋಡಿದೆಯಾ, ಈಶಾನ್ಯ" ಎಂದೆ ನಾನು, ತಡೆಯಲಾರದೆ. "ಇಲ್ಲಿ ತಗ್ಗು ಆಚೆ ಉಂಟು ಸ್ವಾಮಿ, ಅಷ್ಟೆ" ಎಂದ ಅವನು. ಅಳಿಯನ ಬಳಕೆಗೆಂದೇ ನನ್ನ ಅತ್ತೆಯವರು ಕೊಟ್ಟಿದ್ದ ಬೆಳ್ಳಿಯ ಲೋಟದಲ್ಲಿ ಗೋದಾವರಿ ಅವನಿಗೆ ಚಹಾ ಕೊಟ್ಟಳು. ನನಗೆ ಕೊಟ್ಟದ್ದು ಹಿತ್ತಾಳೆಯದರಲ್ಲಿ.

ಭಾನುವಾರ ಶೆಟ್ಟರ ಹೋಟೆಲಿನಲ್ಲಿ ಸಂಘಕ್ಕೆಲ್ಲ ಊಟ, ಬಾಳೆಲೆಯ ಮೇಲೆ. ಉಪ್ಪು ಎಡತುದಿಗೆ ಬಂದು ಕೂತದ್ದನ್ನು ಕಂಡು ಎಲ್ಲರಿಗೂ ನೆಮ್ಮದಿ. ಊಟದ ನಂತರ ಹಣಮಂತರಾಯರು ಎದ್ದು, ಇಂಜಿನಿಯರ್ ಸಾಹೇಬರು ಸುರಿಯುವ ಮಳೆಯಲ್ಲಿ ಸ್ವತಃ ಸ್ಥಳಕ್ಕೆ ಹೋಗಿ ಗಟಾರದ ದಿಕ್ಕನ್ನು ಪುನಃ ಪರಿಶೀಲಿಸಿ ಬದಲಾಯಿಸಿದರೆಂದು ವರದಿ ಓದಿದರು. ನಾನು ಎದ್ದು ನಿಂತು, "ನಾನು ಇಂಜಿನಿಯರ್ ಅಲ್ಲ. ನಾನು ಹಾಳು ಮಾಡಿದ್ದನ್ನು ಸರಿ ಮಾಡಿದವನು ಸಂಕಪ್ಪ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಎಷ್ಟ ವಿನಯ ನೋಡ್ರಿ" ಎಂದು ಹಣಮಂತರಾಯರು ಅದನ್ನೂ ವರದಿಗೆ ಸೇರಿಸಿಕೊಂಡರು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಸಂಕಪ್ಪ ಬಾಲ್ದಿ ಪೊರಕೆ ಹಿಡಿದು ಬಂದು, "ಸ್ವಾಮಿ, ಕಾಲು ಸ್ವಲ್ಪ ಎತ್ತಿ" ಎಂದ.

ಈಗ ಬಿಲ್ಡಿಂಗಿನಲ್ಲಿ ಯಾರಾದರೂ ಸೋರುವ ನಲ್ಲಿಯ ದೂರು ತಂದರೆ, ನಾನು ಬಾಯಿ ತೆರೆಯುವ ಮೊದಲೇ ಗೋದಾವರಿ ಒಳಗಿನಿಂದ, "ನೀರಿನ ಕೆಲಸಕ್ಕ ಸಂಕಪ್ಪಗ ಹೇಳ್ರಿ" ಎನ್ನುತ್ತಾಳೆ. ಅವನು ಬಂದಾಗ ಬಾಲ್ದಿ ಹಿಡಿದು ನಿಲ್ಲುವವನು ನಾನು. ಹೊಯ್ಯಿರಿ ಎಂದಾಗ ಹೊಯ್ಯುತ್ತೇನೆ. ಅವಳಿಗೆ ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆಯೋ ಇಲ್ಲವೋ ಎಂದು ಬಹಳ ದಿನ ನನಗೆ ಅನುಮಾನವಿತ್ತು. ಹೋದ ತಿಂಗಳು ಮಾವನವರ ಕಾಗದ ಬಂತು. ವಿಜಾಪುರದ ಮನೆಯ ಗೋಡೆ ಬಿರುಕು ಬಿಟ್ಟಿದೆ, ಅಳಿಯಂದಿರು ಒಮ್ಮೆ ಬಂದು ನೋಡಿ ಹೋಗಬೇಕು ಎಂದು. ನಾನು ಕಾಗದ ಹಿಡಿದುಕೊಂಡು ಅವಳ ಮುಖ ನೋಡಿದೆ. ಅವಳು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ತಾನೇ ಉತ್ತರ ಬರೆದು, ಅಂಚೆಗೆ ಹಾಕುವ ಮೊದಲು ನನಗೆ ಓದಿ ಹೇಳಿದಳು. "ಮಳೆಗಾಲ ಮುಗೀಲಿ, ನೋಡೋಣ ಅಂತ ಅವರು ಹೇಳ್ಯಾರ" ಎಂದಿತ್ತು. ವಿಜಾಪುರದಲ್ಲಿ ಮಳೆಗಾಲ ಮುಗಿಯಬೇಕಾದರೆ ಮೊದಲು ಶುರುವಾಗಬೇಕಲ್ಲ ಎಂದು ನಾನು ಕೇಳಲಿಲ್ಲ. ಕಾಗದ ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ವಿಳಾಸ ಬರೆದೆ.